ಎರಡು ಮನೆತನಗಳ ಹಗೆಯನ್ನು ಕಟಕಟೆಯಿಂದಲೇ ಹೇಳಿಸಿದ ಬಗೆ: ನನ್ನ ಅನುಭವ

ದಕ್ಷಿಣ ಫಿಲಡೆಲ್ಫಿಯಾದ ಒಂಬತ್ತನೆಯ ಬೀದಿಯ ಮಾರುಕಟ್ಟೆಯ ಸುತ್ತ ನೆಲೆಸಿದ, ಅಬ್ರುಝೋ ಪ್ರಾಂತ್ಯದಿಂದ ವಲಸೆ ಬಂದ ಎರಡು ಇಟಾಲಿಯನ್ ಮನೆತನಗಳ ಹಗೆಯ ಕುರಿತು ನಾನು ಬರೆದ ಕೋರ್ಟ್ ಕಾದಂಬರಿಯ ಮೊದಲ ಮುದ್ರಣದ ಪ್ರತಿಗಳು ಬಹುಪಾಲು ಮಾರಾಟವಾಗಿವೆ. ಹಿಂದಿನ ಕಥೆಯನ್ನು ನಿರೂಪಕನಿಂದ ಹೇಳಿಸದೆ, ಸಾಕ್ಷಿ ನುಡಿಯಲು ಕಾನೂನು ಬಿಟ್ಟಷ್ಟನ್ನು ಮಾತ್ರ ಓದುಗರಿಗೆ ಕೊಡುತ್ತೇನೆ ಎಂದಾಗ ಇಬ್ಬರು ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಿರುಗಿಸಿದ್ದರು. ಇಟಲಿಯ ಹಳ್ಳಿಯನ್ನು ಮೊದಲು ತೋರಿಸದಿದ್ದರೆ ಕನ್ನಡದ ಓದುಗ ಒಳಗೆ ಬರುವುದಿಲ್ಲ ಎಂಬುದು ಅವರ ವಾದವಾಗಿತ್ತು.

ಹಾಗೆ ಹಳ್ಳಿಯಿಂದ ಆರಂಭವಾಗುವ ಎರಡು ಕರಡುಗಳು ಆಗಲೇ ನನ್ನ ಬಳಿ ಇದ್ದವು, ಎರಡರಲ್ಲೂ ಜೀವವಿರಲಿಲ್ಲ. ಹಗೆಯ ಮೂಲ ಮೊದಲ ನೂರು ಪುಟಗಳಲ್ಲೇ ತಿಳಿದುಹೋದರೆ ಪಾಟೀಸವಾಲಿನಲ್ಲಿ ಕೆದಕಲು ಏನೂ ಉಳಿಯುವುದಿಲ್ಲ. ಮೂರನೆಯ ಬಾರಿ, ಒಂದು ಮನೆತನದ ಮುದುಕ ಇನ್ನೊಂದು ಮನೆತನದವನನ್ನು ಕೊಂದ ಆರೋಪದ ವಿಚಾರಣೆಯನ್ನೇ ಮೊದಲು ಬರೆದೆ. ಪೆನ್ಸಿಲ್ವೇನಿಯಾದಲ್ಲಿ ಪ್ರಚೋದನೆಯ ನೆಪದಲ್ಲಿ ಕೊಲೆಯ ಆರೋಪವನ್ನು ನರಹತ್ಯೆ ಎಂಬ ಕಡಿಮೆ ತೀವ್ರತೆಯ ಅಪರಾಧಕ್ಕೆ ಇಳಿಸಬೇಕಾದರೆ ಆವೇಶ ಹಠಾತ್ತನೆ ಹುಟ್ಟಿದ್ದಾಗಿರಬೇಕು. ಐವತ್ತು ವರ್ಷ ಎದೆಯಲ್ಲಿಟ್ಟುಕೊಂಡ ಸಿಟ್ಟು ಹಾಗೆನಿಸುವುದಿಲ್ಲ. ಹಗೆಯನ್ನು ಬಿಚ್ಚಿಟ್ಟಷ್ಟೂ ಪ್ರಾಸಿಕ್ಯೂಷನ್‌ಗೆ ಕೊಲೆಯ ಉದ್ದೇಶ ಸಿಗುತ್ತದೆ. ಮುಚ್ಚಿಟ್ಟರೆ ಆರೋಪಿಯಾದ ಮುದುಕನಿಗೆ ಎದುರಾಳಿಯ ಭಯವೇಕಿತ್ತೆಂದು ಜ್ಯೂರಿಗೆ ತಿಳಿಯದೆ, ಆತ್ಮರಕ್ಷಣೆಯ ವಾದ ಕುಸಿಯುತ್ತದೆ. ಕಾದಂಬರಿಯ ಬಿಗಿ ಪೂರ್ತಿ ಈ ಇಕ್ಕಟ್ಟಿನಿಂದಲೇ ಬಂದದ್ದು.

ಹಗೆಯ ಮೂಲವನ್ನು 1942ರಲ್ಲಿಟ್ಟೆ. ಪೌರತ್ವ ಪಡೆಯದಿದ್ದ ಸುಮಾರು 6 ಲಕ್ಷ ಇಟಾಲಿಯನ್ನರು ಆಗ ಅಮೆರಿಕದಲ್ಲಿ ಶತ್ರುದೇಶದ ಪ್ರಜೆಗಳೆನಿಸಿ, ಬೆರಳಚ್ಚು ಮತ್ತು ಫೋಟೋ ಇರುವ ಗುರುತಿನ ಪುಸ್ತಿಕೆ ಹೊತ್ತು ತಿರುಗಬೇಕಿತ್ತು. ಶಾರ್ಟ್‌ವೇವ್ ರೇಡಿಯೊ, ಕ್ಯಾಮೆರಾಗಳನ್ನು ಒಪ್ಪಿಸಬೇಕಿತ್ತು. ಅಟಾರ್ನಿ ಜನರಲ್ ಫ್ರಾನ್ಸಿಸ್ ಬಿಡ್ಲ್ ಆ ಹಣೆಪಟ್ಟಿಯನ್ನು ತೆಗೆಯುವುದಾಗಿ ಘೋಷಿಸಿದ್ದು ಅಕ್ಟೋಬರ್ 12ರಂದು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ, ಒಂದು ಮನೆಯ ಮಗುವಿಗೆ ಜ್ಞಾನಪಿತನಾಗಿ (ಗಾಡ್‌ಫಾದರ್ ಆಗಿ) ನಿಂತಿದ್ದವನೇ ಆ ಮನೆಯವರು ಅಡಗಿಸಿಟ್ಟ ರೇಡಿಯೊದ ಬಗ್ಗೆ ದೂರು ಕೊಟ್ಟನೇ ಎಂಬುದು ನನ್ನ ಕಥೆಯ ಪ್ರಶ್ನೆ.

ಇಟಲಿಯ ದಾಖಲೆಗಳಿಗೆ ಹಣ ಖರ್ಚಾಗಲಿಲ್ಲ. ಅಲ್ಲಿನ ಸರ್ಕಾರಿ ಪತ್ರಾಗಾರಗಳ ಅಂತೆನಾತಿ (Antenati) ಎಂಬ ಜಾಲತಾಣದಲ್ಲಿ ಜನನ, ಮದುವೆ, ಮರಣದ ರಿಜಿಸ್ಟರುಗಳು ಉಚಿತವಾಗಿ ಸಿಗುತ್ತವೆ. ಮದುವೆಯಾದ ಹೆಂಗಸರೂ ತವರಿನ ಹೆಸರಿನಲ್ಲೇ ದಾಖಲಾಗಿರುವುದರಿಂದ ಸಂಬಂಧಗಳನ್ನು ಹೆಣೆಯುವುದು ಸುಲಭ. ದುಡ್ಡು ಹೋದದ್ದು ಪೆನ್ಸಿಲ್ವೇನಿಯಾದ ನಿವೃತ್ತ ವಕೀಲರೊಬ್ಬರ ಗಂಟೆಲೆಕ್ಕದ ಶುಲ್ಕಕ್ಕೆ, ಹೆಚ್ಚುಕಡಿಮೆ ಒಂದು ಲಕ್ಷ ರೂಪಾಯಿ. ಐನೂರು ಪ್ರತಿಗಳ ಮುದ್ರಣಕ್ಕೆ ಮತ್ತೆ 70 ಸಾವಿರದಷ್ಟು. ಶುಲ್ಕ ಸಾರ್ಥಕವಾಯಿತು. ಅಜ್ಜಿ ತನ್ನ ಸತ್ತ ಗಂಡನಿಂದ ಕೇಳಿದ್ದನ್ನು ಹೇಳುವ ನನ್ನ ಪ್ರೀತಿಯ ಅಧ್ಯಾಯವನ್ನು, ಕೇಳಿದ ಮಾತು ಸಾಕ್ಷ್ಯವಾಗದೆಂದು ಅವರು ಹೊಡೆದುಹಾಕಿದರು. ನ್ಯಾಯಾಧೀಶರು ಆಕ್ಷೇಪಣೆ ಎತ್ತಿಹಿಡಿದು ಆಕೆಯ ವಾಕ್ಯ ಅರ್ಧಕ್ಕೆ ನಿಲ್ಲುವಂತೆ ತಿದ್ದಿದೆ. ಪುಸ್ತಕದಲ್ಲಿ ಓದುಗರು ಹೆಚ್ಚು ಮಾತಾಡುವುದು ಆ ಅರ್ಧ ವಾಕ್ಯದ ಬಗ್ಗೆಯೇ.

ಒಂದಿಡೀ ಭಾಗವನ್ನು ಬರೀ ಪ್ರಶ್ನೋತ್ತರದಲ್ಲಿ ಬರೆದೂ ನೋಡಿದೆ. ಹತ್ತು ಹನ್ನೆರಡು ಪುಟ ಓಡುತ್ತದೆ, ಆಮೇಲೆ ದಣಿಸುತ್ತದೆ. ಆದರೆ ನಡುವೆ ದುಭಾಷಿಯೊಬ್ಬನನ್ನು ನಿಲ್ಲಿಸಿದರೆ, ಪ್ರಶ್ನೆಗೂ ಉತ್ತರಕ್ಕೂ ನಡುವಿನ ವಿರಾಮವೇ ಆತಂಕವನ್ನು ಬೆಳೆಸುತ್ತದೆ. ಕೊನೆಯ ದಾಖಲೆಯನ್ನು ಓದುಗರ ಕಣ್ಣೆದುರೇ ಇಟ್ಟು ಮರೆಸಿದ ಉಪಾಯವನ್ನು ಮಾತ್ರ ಇಲ್ಲಿ ಬಿಡಿಸುವುದಿಲ್ಲ. ಅದು ಮುಂದಿನ ಪುಸ್ತಕಕ್ಕೂ ಬೇಕು. ಹಸ್ತಪ್ರತಿ ಹಿಂದಿರುಗಿಸಿದ್ದ ಇಬ್ಬರು ಪ್ರಕಾಶಕರಲ್ಲಿ ಒಬ್ಬರು ಈಗ ಆ ಮುಂದಿನ ಪುಸ್ತಕವನ್ನು ಕೇಳಿದ್ದಾರೆ, ನಾನು ಮುಂಗಡ ಕೇಳಿದ್ದೇನೆ.