ಬೆರಕೆ ತುಪ್ಪಟದಲ್ಲೂ ಹಾಸು ನಿಲ್ಲುತ್ತೆ

ಶಿರಾ, ಪಾವಗಡ, ಮಧುಗಿರಿ ಕಡೆ ಕಂಬಳಿ ಮಗ್ಗ ಇರೋರೆಲ್ಲ ಹೇಳೋದು ಒಂದೇ ಮಾತು: ಬೆರಕೆ ಕುರಿ ತುಪ್ಪಟ (ಉಣ್ಣೆ) ಹೊಕ್ಕಿಗೆ, ಅಂದ್ರೆ ಅಡ್ಡ ನೂಲಿಗಾದ್ರೆ ಆದೀತು, ಹಾಸಿಗೆ, ಅಂದ್ರೆ ಮಗ್ಗದ ಉದ್ದ ನೂಲಿಗೆ ನಿಲ್ಲಲ್ಲ. ಮಾಂಸದ ರೇಟು ಏರಿದ ಮೇಲೆ ಹಿಂಡಿಗೆ ನೆಲ್ಲೂರು ಟಗರು ಬಿಟ್ಟವರೇ ಜಾಸ್ತಿ. ಮರಿ ಬೇಗ ತೂಕ ಕಟ್ಟುತ್ತೆ, ಮೈಮೇಲೆ ಮಾತ್ರ ತುಪ್ಪಟದ ಜಾಗದಲ್ಲಿ ಕೂದಲು ಬರುತ್ತೆ. ಹಳೇ ಕರಿ ಕುರಿ ಮಾಲು ಚಳ್ಳಕೆರೆ ಕಡೆಯಿಂದ ತರಿಸಿದ್ರೆ ಸಾಗಣೆ ಸೇರಿ ಕೇಜಿಗೆ 60 ರೂಪಾಯಿ ಹತ್ತಿರ ಬೀಳುತ್ತೆ. ಬೆರಕೆ ಮಾಲು 20ಕ್ಕೆ ಸಿಗುತ್ತೆ, ಕೆಲವರು ಕತ್ತರಿಸಿಕೊಂಡು ಹೋದ್ರೆ ಸಾಕು ಅಂತ ಬಿಟ್ಟಿಗೇ ಕೊಡ್ತಾರೆ. ಹಾಸಿಗೂ ಇದನ್ನೇ ಹಾಕ್ತೀನಿ ಅಂತ ಹೊರಟಾಗ ಜನ ನಕ್ಕರು, ಮೂರನೇ ವರ್ಷಕ್ಕೆ ಕೈಹತ್ತಿತು. ಈಗ ನನ್ನ ಮಗ್ಗದಲ್ಲಿ ಹಾಸು, ಹೊಕ್ಕು ಎರಡೂ ಬೆರಕೆ ಮಾಲಿನದೇ. ನಕ್ಕವರಲ್ಲಿ ಇಬ್ಬರು ಹಂಜಿ (ನೂಲೋಕೆ ಹಿಂಜಿಟ್ಟ ತುಪ್ಪಟದ ಸುರುಳಿ) ಕೇಳಿಕೊಂಡು ಬಂದಿದ್ದಾರೆ.

ಕತ್ತರಿ ಹಾಕೋ ಹೊತ್ತಿಗೇ ಮೂರು ಚೀಲ ಪಕ್ಕದಲ್ಲಿರಬೇಕು. ಹೆಗಲು, ಪಕ್ಕೆಯದು ಒಂದಕ್ಕೆ; ಬೆನ್ನು, ತೊಡೆಯದು ಇನ್ನೊಂದಕ್ಕೆ; ಹೊಟ್ಟೆ, ಕಾಲು, ಬಾಲದ್ದು ಮೂರನೆಯದಕ್ಕೆ. ಒಂದು ಸಲ ಗುಡ್ಡೆ ಬೆರೆತರೆ ಬಿಡಿಸೋರು ಯಾರೂ ಇಲ್ಲ. ಹಾಸಿಗೆ ಹೋಗೋದು ಮೊದಲ ಚೀಲ ಮಾತ್ರ. ಅದಕ್ಕೆ ಮೊದಲ ಕತ್ತರಿಯ ಮರಿ ತುಪ್ಪಟ 100ಕ್ಕೆ 30ರಂತೆ ಸೇರಿಸ್ತೀನಿ. ಶತ್ರು ಅಂದ್ರೆ ಸತ್ತ ಕೂದಲು: ದಪ್ಪ, ಬೆಳ್ಳಗೆ, ಒಳಗೆ ಟೊಳ್ಳು. ಉಗುರಿನ ಮೇಲೆ ಮಡಿಸಿದ್ರೆ ಚಟ್ ಅಂತ ಮುರಿಯುತ್ತೆ, ನಿಜವಾದ ತುಪ್ಪಟದ ಎಳೆ ಬಳುಕುತ್ತೆ. 20 ಎಳೆ ಕಿತ್ತು ಕರಿ ಬಟ್ಟೆ ಮೇಲಿಟ್ಟು ಎಣಿಸಿ, ಸತ್ತದ್ದು 3 ದಾಟಿದ್ರೆ ಆ ಚೀಲ ಹೊಕ್ಕಿಗೆ.

ತೊಳೆಯೋದರಲ್ಲಿ ಮೊದಲ 40 ಕೇಜಿ ಕಳೆದೆ. ಸೋಡಾ ಹಾಕಿದ ಕುದಿಯೋ ನೀರಿಂದ ಎತ್ತಿ ನೇರ ಬೋರಿನ ತಣ್ಣೀರಿಗೆ ಹಾಕಿ ತುಳಿದದ್ದೇ ತಪ್ಪು, ಎಲ್ಲಾ ಹೆಣೆದುಕೊಂಡು ಚಾಪೆ ಆಯ್ತು. ಕೈ ತಡೆಯೋಷ್ಟು ಬಿಸಿ ಸಾಕು, ಜಾಲಿಸೋ ನೀರೂ ಹೆಚ್ಚು ಕಡಿಮೆ ಅಷ್ಟೇ ಬೆಚ್ಚಗಿರಲಿ. 10 ಕೇಜಿಗೆ ಅರ್ಧ ಕೇಜಿ ಅಂಟುವಾಳ. ಉಜ್ಜಬೇಡಿ, ಮುಳುಗಿಸಿ ಎತ್ತಿ, ಅಷ್ಟೇ. 100 ಕೇಜಿ ತೊಳೆದ ಮೇಲೆ 75ರ ಆಸುಪಾಸು ಉಳಿಯುತ್ತೆ, ಕೊಳ್ಳುವಾಗ ರೇಟು ಮಾತಾಡಬೇಕಾದ್ದು ಈ 75ಕ್ಕೆ.

ತುಪ್ಪಟದ ಎಳೆ ಬಿಡಿಸೋಕೆ ಬಿಲ್ಲಿನಲ್ಲಿ ಹಿಂಜೋ ಕಾಲದಲ್ಲಿ ಎಣ್ಣೆ ಬೇಕಿರಲಿಲ್ಲ. ಹಿಂಜೋ ಮಷೀನಿಗೆ ಬೆರಕೆ ಮಾಲು ಒಣದಾಗಿ ಕೊಟ್ರೆ ಕೂದಲು ಹಾರಿ ಮೂಲೆಗೆ ಹೋಗುತ್ತೆ, ಉದ್ದ ಎಳೆ ತುಂಡಾಗುತ್ತೆ, ಹಂಜಿ ಕೈಯಲ್ಲೇ ಉದುರುತ್ತೆ. ಉಣ್ಣೆ ಗಿರಣಿಯವರು ಇದನ್ನು ಯಾವತ್ತೋ ಬಗೆಹರಿಸಿಕೊಂಡಿದ್ದಾರೆ. ಉಣ್ಣೆ ಮಿಲ್ಲುಗಳಲ್ಲಿ ಹಿಂಜೋಕೆ ಮುಂಚೆ ಎಣ್ಣೆ ಕೊಡೋದು ದಿನದ ಕೆಲಸ. ನಾನು ಹಾಕೋದು 10 ಕೇಜಿಗೆ 300 ಗ್ರಾಂ ಎಣ್ಣೆ, ಮುಕ್ಕಾಲು ಲೀಟರ್ ಬೆಚ್ಚನೆ ನೀರು, ಎರಡೂ ಕೂಡೋಕೆ ಸ್ವಲ್ಪ ಅಂಟುವಾಳದ ನೊರೆ. ಚೆನ್ನಾಗಿ ಕಡೆದು, ತುಪ್ಪಟ ಪದರ ಪದರವಾಗಿ ಹರಡಿ ಚಿಮುಕಿಸಿ, ಒದ್ದೆ ಗೋಣಿ ಮುಚ್ಚಿ ರಾತ್ರಿ ಬಿಡ್ತೀನಿ. ಕೊಬ್ಬರಿ ಎಣ್ಣೆ ಒಳ್ಳೇದು. ಅಗ್ಗ ಅಂತ ಹುಚ್ಚೆಳ್ಳೆಣ್ಣೆ ಹಾಕಿ ಕೆಟ್ಟೆ: ನಾಲ್ಕು ದಿನಕ್ಕೆ ಅಂಟಾಗಿ ಮಷೀನಿನ ತಂತಿ ಹಲ್ಲುಗಳಿಗೆ ಹಿಡಿದುಕೊಳ್ತು, ಬಿಡಿಸಿ ಕೊಟ್ಟದ್ದಕ್ಕೆ ಮಷೀನಿನವನಿಗೆ 1,500 ದಂಡ ಕೊಟ್ಟೆ.

ಇಷ್ಟಾದ ಮೇಲೂ ಹಾಸು ಕಡೀತಿತ್ತು, ಒಂದು ಮೊಳ ನೇಯೋದರಲ್ಲಿ ಹತ್ತು ಹನ್ನೆರಡು ಎಳೆ. ಹಾಸು ಗಟ್ಟಿಯಾಗಲಿ ಅಂತ ಹುಣಸೆ ಬೀಜದ ಸರಿ (ಗಂಜಿ) ಬಳಿದ್ರೆ ನೂಲಿನ ಮೇಲೆ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಹನಿ ಹನಿಯಾಗಿ ಕೂರೋದು. ಮೂರು ತಿಂಗಳು ಹುಣಸೆ ಬೀಜವನ್ನೇ ಬೈದೆ, ಬೀಜ ಬದಲಿಸಿದೆ, ಗಟ್ಟಿ ಕಾಯಿಸಿದೆ, ತಪ್ಪು ಎಣ್ಣೆಯದು! ಗಿರಣಿಯವರು ಹಾಕಿದ ಎಣ್ಣೆಯನ್ನ ನೂತ ಮೇಲೆ ತೊಳೆದು ತೆಗೀತಾರೆ. ನಾನು ಅವರಿಂದ ಅರ್ಧ ಪಾಠ ಮಾತ್ರ ಕಲಿತಿದ್ದೆ. ಈಗ ಹಾಸಿನ ನೂಲಿನ ಲಡಿಗಳನ್ನ ಅಂಟುವಾಳದ ಬೆಚ್ಚನೆ ನೀರಲ್ಲಿ ಎರಡು ಸಲ ಅದ್ದಿ, ಕೆಳಗೆ ಕಲ್ಲು ಕಟ್ಟಿ ಇಳಿಬಿಟ್ಟು ಒಣಗಿಸ್ತೀನಿ. ಕಲ್ಲು ಕಟ್ಟದಿದ್ರೆ ಹುರಿ ಬಿಚ್ಚಿ ಗಂಟಾಗುತ್ತೆ. ಹೊಕ್ಕಿನ ನೂಲಿಗೆ ಈ ತೊಳೆತ ಬೇಡ.

ಸರಿಗೆ ಬೀಜ ತುಮಕೂರಿನ ಹುಣಸೆ ಮಂಡಿಯಿಂದ. ಹುರಿದು, ಕೆಂಪು ಸಿಪ್ಪೆ ಪೂರ್ತಿ ತೆಗೆದು, ಬೇಳೆ ಎರಡು ರಾತ್ರಿ ನೆನೆಸಿ, ರುಬ್ಬಿ ಕಾಯಿಸೋದು ನಿಮಗೆ ಗೊತ್ತೇ ಇದೆ. ಅಳತೆ ಮಾತ್ರ ಬೇರೆ. ನಮ್ಮವರು ಒಂದೇ ಸಲ ಗಟ್ಟಿಯಾಗಿ ಬಳೀತಾರೆ. ಬೆರಕೆ ನೂಲಿಗೆ ಅದು ಒಣಗಿ ಚಕ್ಕೆ ಚಕ್ಕೆಯಾಗಿ ಹಣಿಗೆ (ಹೊಕ್ಕನ್ನ ಬಡಿಯೋ ಬಾಚಣಿಗೆ) ಹತ್ತಿರ ಉದುರುತ್ತೆ, ಮಗ್ಗದ ಗುಣಿ ತುಂಬ ಪುಡಿ. ನಾನು 1 ಕೇಜಿ ಬೇಳೆಗೆ 15 ಲೀಟರ್ ನೀರಿಟ್ಟು 12ಕ್ಕೆ ಇಳಿಸ್ತೀನಿ, ಮೂರು ಕಂಬಳಿ ಹಾಸಿಗೆ ಸಾಕು. ತೆಳ್ಳಗೆ ಎರಡು ಸಲ, ಮೊದಲನೆಯದು ಮುಕ್ಕಾಲು ಒಣಗಿರುವಾಗ ಎರಡನೆಯದು, ಕುಂಚ ಯಾವಾಗಲೂ ಒಂದೇ ದಿಕ್ಕಿಗೆ. ಎರಡನೇ ಸರಿಗೆ ಇನ್ನೊಂದು ವಸ್ತು ಬೀಳುತ್ತೆ. ಅದನ್ನ ಇಲ್ಲಿ ಬರೆಯೋಲ್ಲ, ಅದಕ್ಕೇ ಹೆಚ್ಚು ದುಡ್ಡು ಹೋಗಿರೋದು. ಮೋಡ ಕವಿದ್ರೆ ಸರಿ ಹುಳಿಯಾಗಿ ಬೂಸ್ಟು ಹಿಡಿಯುತ್ತೆ. 10 ಲೀಟರಿಗೆ ಚಿಟಿಕೆ ಮೈಲುತುತ್ತ ಹಾಕಿದ್ರೆ ಎರಡು ದಿನ ತಡೆಯುತ್ತೆ. ಬಿಳಿ ಕಂಬಳಿಗೆ ಬೇಡ, ಹಸಿರು ಛಾಯೆ ಬರುತ್ತೆ.

ಲೆಕ್ಕ ನೆನಪಿನಿಂದ ಹೇಳೋದಾದ್ರೆ, ಮೂರೂವರೆ ಅಡಿ ಅಗಲ, ಒಂಬತ್ತು ಅಡಿ ಉದ್ದದ ಕಂಬಳಿಗೆ ತೊಳೆಯದ ತುಪ್ಪಟ 3 ಕೇಜಿಗೆ ಮೇಲೆ, 65 ರೂಪಾಯಿ. ತೊಳೆತ, ಎಣ್ಣೆ 50. ಹಿಂಜೋದು 90. ನೂಲೋದು 550. ಸರಿ 40. ನೇಯ್ಗೆ 450. ಒಟ್ಟು 1,245. ಚಳ್ಳಕೆರೆ ಮಾಲಾಗಿದ್ರೆ ಇನ್ನೂ 130 ಜಾಸ್ತಿ. ನೂಲುವ ಹೆಂಗಸರು ದಿನಕ್ಕೆ ಕಾಲು ಕೇಜಿ ತೆಗೆದ್ರೆ ಅರವತ್ತು ಚಿಲ್ಲರೆ ಸಿಗುತ್ತೆ. ಅದು ಕೂಲಿಯೇ ಅಲ್ಲ, ನಾನೂ ಅದನ್ನ ಸರಿಮಾಡಿಲ್ಲ. ಗದ್ದಿಗೆಗೆ ಹಾಸೋ ಅಪ್ಪಟ ಕರಿ ಕಂಬಳಿ 2,000ಕ್ಕೆ ಹೋಗುತ್ತೆ, ಒಂದು ಬಿಳಿ ಎಳೆ ಕಂಡ್ರೆ 1,500. ಅದಕ್ಕೇ ಬಣ್ಣದ ವಿಂಗಡಣೆ ತೊಳೆದ ಮೇಲೆ ಇನ್ನೊಂದು ಸಲ, ಬಿಸಿಲಲ್ಲೇ ಆಗಬೇಕು. ನೆರಳಲ್ಲಿ ಕಂದು ಕೂಡ ಕರಿ ಥರ ಕಾಣುತ್ತೆ. ಕೈಹತ್ತೋ ಮುಂಚೆ ಎರಡು ವರ್ಷದಲ್ಲಿ ನೀರಿಗೆ ಹೋದದ್ದು 35 ಸಾವಿರದ ಹತ್ತಿರ.

ನಡುವೆ ಪಾಣಿಪತ್ತಿನ ಮಿಶ್ರ ನೂಲು ಹಾಸಿಗೆ ಹಾಕಿ ನೋಡಿದೆ. ಅದರಲ್ಲಿ ಪ್ಲಾಸ್ಟಿಕ್ ಅಂಶ ಇರೋದ್ರಿಂದ ಸರಿ ಹಿಡಿಯಲ್ಲ, ನೆನೆದ ಕಂಬಳಿ ಜೋಲು ಬೀಳುತ್ತೆ. ಹತ್ತಿ ಹಾಸು ಹಾಕಿದ್ರೆ ನೇಯ್ಗೆ ಸಲೀಸು, ಒಗೆದ ಮೇಲೆ ಹೊಕ್ಕು ಕುಗ್ಗಿ ಅಂಚು ಸುಕ್ಕಾಗುತ್ತೆ. ನೆಲಹಾಸು ಅಂತ ಮಾರಬಹುದು, ಕಂಬಳಿ ಅನ್ನೋಕಾಗಲ್ಲ. ಉಪಯೋಗಕ್ಕೆ ಬಂದದ್ದು ಮೂರನೇ ಚೀಲದ ಕಸ: ತೆಂಗಿನ ಪಾತಿಗೆ ಒಂದು ಗಿಡಕ್ಕೆ 2 ಕೇಜಿಯಂತೆ ಹಾಸಿ ಮೇಲೆ ಮಣ್ಣು ಎಳೆದೆ. ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಬಿಡೋ ನೀರು ಆರಕ್ಕೆ ಹೋಯ್ತು. ಮಣ್ಣು ಎಳೆಯದೇ ಬಿಟ್ಟ ಎರಡು ಪಾತಿಯದನ್ನ ನಾಯಿಗಳು ಊರೆಲ್ಲ ಎಳೆದಾಡಿದವು.