ಎರಡು ಸ್ತರ, ಒಂದೇ ಕಣ್ಣು

ಕ್ಷಿಪಣಿ ತಡೆ ವ್ಯವಸ್ಥೆಯ ಬಗ್ಗೆ ಯಾರು ಕೇಳಿದರೂ ಮಾತು ಮೊದಲು ಹೋಗುವುದು ಆಕಾಶಕ್ಕೆ ನೆಗೆಯುವ ಕ್ಷಿಪಣಿಯ ಕಡೆಗೆ. ನನ್ನ ಪಾಲಿಗೆ ಬಂದಿದ್ದು ನೆಲದ ಕೆಲಸ: ರಾಡಾರ್ ಕೊಡುವ ಅಂಕಿಗಳಿಂದ ಎದುರಾಳಿ ಕ್ಷಿಪಣಿಯ ಹಾದಿಯನ್ನು ಲೆಕ್ಕ ಹಾಕುವ ತಂತ್ರಾಂಶ. ಆದ್ದರಿಂದ ಇಲ್ಲಿ ರಾಡಾರ್‌ನವರ ಪಕ್ಷಪಾತ ಇದ್ದೇ ಇರುತ್ತದೆ.

ನಮ್ಮ ದೇಶದ ವ್ಯವಸ್ಥೆಯ ಹೊರರೂಪ ಗೊತ್ತಿರುವುದೇ. ಮೇಲೆ, ಸುಮಾರು 80 ಕಿ.ಮೀ. ಎತ್ತರದವರೆಗೆ ಪಿಎಡಿ (ಪೃಥ್ವಿ ಏರ್ ಡಿಫೆನ್ಸ್) ಎಂಬ ತಡೆ ಕ್ಷಿಪಣಿ, ಕೆಳಗೆ ವಾತಾವರಣದೊಳಗೆ, 15ರಿಂದ 30 ಕಿ.ಮೀ. ನಡುವೆ ಎಎಡಿ (ಅಡ್ವಾನ್ಸ್ಡ್ ಏರ್ ಡಿಫೆನ್ಸ್). 2006ರ ನವೆಂಬರ್ 27ರಂದು ಒಡಿಶಾ ಕರಾವಳಿಯಾಚೆ ಪಿಎಡಿ ಮೊದಲ ಗುರಿಯನ್ನು ಹೊಡೆಯಿತು. ಮರುವರ್ಷ ಡಿಸೆಂಬರ್ 6ರಂದು ಎಎಡಿಯ ಸರದಿ. ಎರಡಕ್ಕೂ ಗುರಿಯಾಗಿ ಹಾರಿದ್ದು ನಮ್ಮದೇ ಪೃಥ್ವಿ ಕ್ಷಿಪಣಿ.

ಎರಡು ಸ್ತರ ಏಕೆ ಎಂಬುದಕ್ಕೆ ಸುಲಭದ ಲೆಕ್ಕವೊಂದಿದೆ. ಪ್ರತಿ ಸ್ತರವೂ ಹತ್ತರಲ್ಲಿ ಎಂಟನ್ನು ತಡೆಯುತ್ತದೆ ಎಂದುಕೊಂಡರೆ, ಎರಡೂ ಸೇರಿ ನೂರರಲ್ಲಿ ತೊಂಬತ್ತಾರನ್ನು ತಡೆಯುತ್ತವೆ. ಸಭೆಗಳಲ್ಲಿ ಈ ಲೆಕ್ಕ ಬಂದಾಗಲೆಲ್ಲ ನನಗೆ ಕಿರಿಕಿರಿಯಾಗುತ್ತಿತ್ತು. ಒಂದು ಸ್ತರದ ಸೋಲಿಗೂ ಇನ್ನೊಂದರ ಸೋಲಿಗೂ ಸಂಬಂಧವಿಲ್ಲದಿದ್ದರೆ ಮಾತ್ರ ಅದು ಸರಿ. ಎರಡಕ್ಕೂ ಹಾದಿ ತೋರಿಸುವುದು ಒಂದೇ ರಾಡಾರ್ ಆಗಿ, ಅದೇ ತಪ್ಪು ಹಾದಿ ಹಿಡಿದರೆ, ಎರಡೂ ಪ್ರತಿಬಂಧಕಗಳು, ಅಂದರೆ ತಡೆಯಲು ಹಾರುವ ನಮ್ಮ ಕ್ಷಿಪಣಿಗಳು, ಅಚ್ಚುಕಟ್ಟಾಗಿ ಖಾಲಿ ಜಾಗಕ್ಕೆ ಹೋಗಿ ಸಿಡಿಯುತ್ತವೆ. ಹಾಗಾಗಿ ನಾನು ನಡೆಸುತ್ತಿದ್ದ ಸಿಮ್ಯುಲೇಶನ್‌ಗಳಲ್ಲಿ ಕೆಳಸ್ತರದ ಲೆಕ್ಕವನ್ನು ಬೇರೊಂದು ರಾಡಾರ್‌ನ ಅಂಕಿಗಳಿಂದ ಹೊಸದಾಗಿಯೇ ಶುರು ಮಾಡಿಸುತ್ತಿದ್ದೆ. ಸಮಯ ಹಾಳು ಎಂದು ಗೊಣಗಿದವರಿದ್ದರು. ಅವರ ಮಾತಿನಲ್ಲೂ ಹುರುಳಿತ್ತು.

ಏಕೆಂದರೆ ಸಮಯ ಎಂಬುದು ಅಲ್ಲಿ ಇರುವುದೇ ಇಲ್ಲ. ಎರಡು ಸಾವಿರ ಕಿ.ಮೀ. ದೂರದಿಂದ ಬರುವ ಸಿಡಿತಲೆಯ ವೇಗ ಸೆಕೆಂಡಿಗೆ ಸುಮಾರು ನಾಲ್ಕು ಕಿ.ಮೀ. ಓರೆಯಾಗಿ ಇಳಿಯುತ್ತ 80 ಕಿ.ಮೀ. ಎತ್ತರದಿಂದ 30ಕ್ಕೆ ಬರಲು ಅದಕ್ಕೆ ಇಪ್ಪತ್ತು ಸೆಕೆಂಡೂ ಬೇಡ. ಅಷ್ಟರಲ್ಲಿ ಮೇಲಿನ ಹೊಡೆತ ತಗುಲಿತೇ, ಚೂರುಗಳ ನಡುವೆ ಸಿಡಿತಲೆ ಇನ್ನೂ ಜೀವಂತವಾಗಿದೆಯೇ ಎಂದು ನೋಡಿ, ಆಮೇಲೆ ಕೆಳಗಿನದನ್ನು ಹಾರಿಸುತ್ತೇನೆ ಎಂದರೆ ಕೆಲಸ ಕೆಟ್ಟಿತು. ಫಲಿತಾಂಶಕ್ಕೆ ಕಾಯದೆ ಎರಡನೆಯದು ಹೊರಡಲೇಬೇಕು.

ನನ್ನ ಬಹುಪಾಲು ದಿನಗಳು ಕಳೆದದ್ದು ಕಾಲ್ಮನ್ ಫಿಲ್ಟರ್ ಹದಗೊಳಿಸುವುದರಲ್ಲಿ. ಗುರಿ ಮುಂದೆ ಎಲ್ಲಿರುತ್ತದೆ ಎಂದು ಊಹಿಸಿ, ರಾಡಾರ್‌ನ ಪ್ರತಿ ಹೊಸ ಅಳತೆಯಿಂದ ಆ ಊಹೆಯನ್ನು ತಿದ್ದಿಕೊಳ್ಳುವ ಗಣಿತ ವಿಧಾನ ಅದು. ವಾತಾವರಣದ ಆಚೆ ಗುರುತ್ವ ಬಿಟ್ಟರೆ ಸಿಡಿತಲೆಯನ್ನು ಎಳೆಯುವವರು ಯಾರೂ ಇಲ್ಲ. ಫಿಲ್ಟರ್ ತನ್ನ ಊಹೆಯನ್ನು ಧೈರ್ಯವಾಗಿ ನಂಬಬಹುದು. ಪರದೆಯ ಮೇಲೆ ಅಳತೆಗೂ ಊಹೆಗೂ ನಡುವಿನ ಅಂತರ ಸೊನ್ನೆಯ ಅಕ್ಕಪಕ್ಕ ಸಣ್ಣಗೆ ನಡುಗುತ್ತಿರುತ್ತದೆ. ಗಾಳಿ ದಟ್ಟವಾಗುತ್ತಲೇ ಆ ಗೆರೆ ಒಂದೇ ಕಡೆಗೆ ವಾಲಲು ತೊಡಗುತ್ತದೆ. ಆ ವಾಲುವಿಕೆಯನ್ನು ಗದ್ದಲ ಎಂದು ತಳ್ಳಿಹಾಕುವ ಫಿಲ್ಟರ್ ಗುರಿಯನ್ನು ಕಳೆದುಕೊಳ್ಳುತ್ತದೆ. ಪ್ರತಿ ಅಲುಗಾಟಕ್ಕೂ ಬೆಚ್ಚುವ ಫಿಲ್ಟರ್ ಪ್ರತಿಬಂಧಕವನ್ನು ಅತ್ತಿತ್ತ ಓಡಿಸುತ್ತದೆ. ಇವೆರಡರ ನಡುವಿನ ಹದ ಯಾವ ಪಠ್ಯಪುಸ್ತಕದಲ್ಲೂ ಸಿಗಲಿಲ್ಲ.

ಅದೇ ಗಾಳಿ ಉಪಕಾರವನ್ನೂ ಮಾಡುತ್ತದೆ. ನಿರ್ವಾತದಲ್ಲಿ ರಾಡಾರ್‌ಗೆ ಮೋಸ ಮಾಡಲೆಂದು ಎದುರಾಳಿ ಬಿಡುವ ಹಗುರ ಬಲೂನೂ ಭಾರದ ಸಿಡಿತಲೆಯೂ ಜೊತೆಜೊತೆಗೇ ಸಾಗುತ್ತವೆ. ಕೆಳಗಿಳಿದಾಗ ಕಣದಲ್ಲಿ ರಾಶಿ ತೂರಿದ ಹಾಗೆ ಜೊಳ್ಳು ಹಿಂದೆ ಬೀಳುತ್ತದೆ, ಕಾಳು ಮುಂದೆ ಬರುತ್ತದೆ. ಕೆಳಸ್ತರ ಬೇಕೇಬೇಕು ಎಂದು ನಾನು ವಾದಿಸುತ್ತಿದ್ದುದಕ್ಕೆ ಇದೇ ಮುಖ್ಯ ಕಾರಣ. ಮೇಲಿನದರಿಂದ ತಪ್ಪಿಸಿಕೊಂಡಿದ್ದನ್ನು ಹಿಡಿಯುವುದು ಎರಡನೆಯ ಮಾತು.

2010ರ ಮಾರ್ಚ್ 15ರ ಎಎಡಿ ಪರೀಕ್ಷೆಯಲ್ಲಿ ಗುರಿ ಕ್ಷಿಪಣಿ ಹಾದಿ ಬಿಟ್ಟಿತು. ಪ್ರತಿಬಂಧಕ ಹಾರಲೇ ಇಲ್ಲ. ಹೊರಗಿನವರಿಗೆ ಅದು ವೈಫಲ್ಯ. ನನಗೆ ಹಾಗನಿಸಲಿಲ್ಲ. ಅಪಾಯವಲ್ಲದ ಗುರಿಯ ಮೇಲೆ ಕ್ಷಿಪಣಿ ಖರ್ಚು ಮಾಡದಿರುವುದೂ ರಕ್ಷಣಾ ವ್ಯವಸ್ಥೆಯ ಕೆಲಸವೇ. ಜುಲೈ 26ರಂದು ಅದೇ ಎಎಡಿ ಗುರಿ ಮುಟ್ಟಿತು.

ಈಗ ಯೋಜನೆಯ ಎರಡನೆಯ ಹಂತ, 5,000 ಕಿ.ಮೀ. ದೂರ ಹಾರುವ ವರ್ಗದ ಕ್ಷಿಪಣಿಗಳನ್ನು ತಡೆಯುವುದಕ್ಕಾಗಿ. 2022ರ ನವೆಂಬರ್‌ನಲ್ಲಿ ಈ ಹಂತದ ಪ್ರತಿಬಂಧಕ ಎಡಿ-1 ಮೊದಲ ಸಲ ಹಾರಿತು. 2024ರ ಜುಲೈ 24ರ ಪರೀಕ್ಷೆಯಲ್ಲಿ ಗುರಿ ಹೊರಟ ನಾಲ್ಕೇ ನಿಮಿಷಕ್ಕೆ ಪ್ರತಿಬಂಧಕವೂ ಮೇಲೆದ್ದಿತು. ಆದರೆ ನಾನು ಹೆಚ್ಚು ಕುತೂಹಲದಿಂದ ನೋಡುತ್ತಿರುವುದು 2021ರಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ಧ್ರುವ್ ಹಡಗನ್ನು. ಕ್ಷಿಪಣಿಯ ಜಾಡು ಹಿಡಿಯುವ ರಾಡಾರ್ ಹೊತ್ತು ಸಮುದ್ರದಲ್ಲಿ ಬೇಕಾದೆಡೆ ನಿಲ್ಲಬಲ್ಲ ಹಡಗು ಅದು. ನಾನು ಕೇಳುತ್ತಿದ್ದ ಎರಡನೆಯ ಕಣ್ಣು ಅಂಥದ್ದೇ.