ಬಟ್ಟಲಲ್ಲಿ ಅನ್ನ, ಕಡ್ಡಿಯಲ್ಲಿ ಕೋಳಿ: ಜಪಾನಿನ ಸಣ್ಣ ಹೋಟೆಲಿನಲ್ಲಿ ಊಟ ಮಾಡುವುದು ಹೇಗೆ?

ಕೆಲಸದ ಮೇಲೋ ಪ್ರವಾಸಕ್ಕೋ ಟೋಕಿಯೊಗೆ ಹೋದ ನಮ್ಮವರಲ್ಲಿ ಅನೇಕರು, ಸಂಜೆಯಾಗುತ್ತಲೇ ರೈಲು ನಿಲ್ದಾಣದ ಪಕ್ಕದ ಓಣಿಗಳಲ್ಲಿ ಬೆಳಗುವ ಕೆಂಪು ಕಾಗದದ ಲಾಂದ್ರಗಳನ್ನೂ ಬಾಗಿಲಿಗೆ ಇಳಿಬಿಟ್ಟ ಬಟ್ಟೆಯ ಪರದೆಯನ್ನೂ ಹೊರಗಿನಿಂದಲೇ ನೋಡಿ, ಒಳಗೆ ಹೋದರೆ ಏನು ಕೇಳಬೇಕೆಂದು ತಿಳಿಯದೆ, ಪಕ್ಕದ ಅಂಗಡಿಯಲ್ಲಿ ಬ್ರೆಡ್ಡು ಕೊಂಡು ಕೋಣೆಗೆ ಮರಳುತ್ತಾರೆ. ಆ ಪರದೆಯ ಹಿಂದೆ ಸಿಗುವುದು ಅನ್ನದ ಬಟ್ಟಲು ಮತ್ತು ಕೆಂಡದ ಮೇಲೆ ಸುಟ್ಟ ಕೋಳಿಯ ಕಡ್ಡಿ. ಅನ್ನ ಉಣ್ಣುವ ನಾಡಿನಿಂದ ಹೋದವರಿಗೆ ಜಪಾನಿನಲ್ಲಿ ಇದಕ್ಕಿಂತ ಹತ್ತಿರದ ಊಟ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ನಾವು ಅನ್ನವನ್ನು ಕಲಸಿ ಉಣ್ಣುವವರು, ಅವರು ಕಲಸದೆ ಉಣ್ಣುವವರು. ಅಲ್ಲಿ ನಮ್ಮ ಕೈ ತಪ್ಪುವುದೆಲ್ಲ ಹೆಚ್ಚಾಗಿ ಈ ಒಂದು ವ್ಯತ್ಯಾಸದಿಂದಲೇ.

ಯಾವ ಅಂಗಡಿ ಎಂದು ಮೊದಲು ತಿಳಿಯಿರಿ

ಅನ್ನದ ಮೇಲೆ ಬೇಯಿಸಿದ ಪದಾರ್ಥವನ್ನು ಹರಡಿ ಕೊಡುವ ಬಟ್ಟಲಿಗೆ ದೊಂಬುರಿ ಎಂದು ಹೆಸರು. ತಿನಿಸಿನ ಹೆಸರಿನ ಕೊನೆಯಲ್ಲಿ ಅದು ‘ದೊನ್’ ಎಂದು ಮೊಟಕಾಗುತ್ತದೆ. ಕೋಳಿಯ ತುಂಡುಗಳನ್ನು ಬಿದಿರು ಕಡ್ಡಿಗೆ ಚುಚ್ಚಿ ಸುಟ್ಟದ್ದು ಯಾಕಿತೋರಿ. ದೊಂಬುರಿ ಅಂಗಡಿ ಬಹುಮಟ್ಟಿಗೆ ನಮ್ಮ ದರ್ಶಿನಿಯ ಹಾಗೆ: ಒಬ್ಬರೇ ಹೋಗಿ, ಹತ್ತು ಹದಿನೈದು ನಿಮಿಷದಲ್ಲಿ ಉಂಡು ಏಳುವ ಜಾಗ. ಈಗ ದೇಶವೆಲ್ಲ ಹರಡಿರುವ ಯೊಶಿನೊಯಾ ಎಂಬ ದೊಂಬುರಿ ಅಂಗಡಿ 1899ರಲ್ಲಿ ಶುರುವಾದದ್ದು ಟೋಕಿಯೊದ ನಿಹೊನ್‌ಬಾಶಿ ಮೀನು ಮಾರುಕಟ್ಟೆಯಲ್ಲಿ. ಕೆಲಸದ ನಡುವೆ ಬೇಗ ಹೊಟ್ಟೆ ತುಂಬಿಸಿಕೊಳ್ಳಬೇಕಾದವರಿಗೆ ಒಂದೇ ಬಟ್ಟಲಿನ ಊಟ ಹೇಳಿ ಮಾಡಿಸಿದಂತಿತ್ತು. ಯಾಕಿತೋರಿ ಅಂಗಡಿಯಾದರೋ ಸಂಜೆ ತೆರೆಯುವ, ನಿಧಾನವಾಗಿ ಕೂರುವ ಜಾಗ. ಎರಡನ್ನೂ ಕೊಡುವ ಹೋಟೆಲುಗಳೂ ಉಂಟು, ಅಲ್ಲಿ ಸುಟ್ಟ ಕೋಳಿಯನ್ನು ಅನ್ನದ ಮೇಲಿಟ್ಟ ಯಾಕಿತೋರಿ ದೊನ್ ಸಿಗುತ್ತದೆ.

ಒಳಗೆ ಹೋಗಿ ಕುಳಿತುಕೊಳ್ಳುವುದು

ಬಾಗಿಲು ತೆರೆದಾಗ ‘ಇರಾಶ್ಶಾಯಿಮಾಸೆ’ ಎಂಬ ಸ್ವಾಗತದ ಕೂಗು ಕೇಳಿಸುತ್ತದೆ. ಅದಕ್ಕೆ ಉತ್ತರ ಕೊಡಬೇಕಾಗಿಲ್ಲ; ಎಷ್ಟು ಜನ ಎಂದು ಬೆರಳಲ್ಲಿ ತೋರಿಸಿ, ಅವರು ಹೇಳಿದ ಜಾಗದಲ್ಲಿ ಕುಳಿತರಾಯಿತು. ಕೆಲವು ದೊಂಬುರಿ ಅಂಗಡಿಗಳಲ್ಲಿ ಬಾಗಿಲ ಬಳಿಯೇ ಟಿಕೆಟ್ ಯಂತ್ರ ಇರುತ್ತದೆ. ಮೊದಲು ಅದಕ್ಕೆ ಹಣ ಹಾಕಿ, ಚಿತ್ರ ನೋಡಿ ಗುಂಡಿ ಒತ್ತಿ, ಬಂದ ಚೀಟಿಯನ್ನು ಕೌಂಟರಿನ ಮೇಲಿಡಬೇಕು. ಅಲ್ಲೇ ಉಣ್ಣುವಿರೋ ಕಟ್ಟಿಸಿಕೊಂಡು ಹೋಗುವಿರೋ ಎಂದು ಕೇಳಿದರೆ ಅದಕ್ಕೆ ಕಾರಣವಿದೆ: 2019ರ ಅಕ್ಟೋಬರಿನಿಂದ ಒಳಗೆ ಕುಳಿತು ತಿಂದರೆ ತೆರಿಗೆ ಶೇಕಡ 10, ಕಟ್ಟಿಸಿಕೊಂಡರೆ ಶೇಕಡ 8.

ಯಾಕಿತೋರಿ ಅಂಗಡಿಯಲ್ಲಿ ಮೊದಲು ಕೈ ಒರೆಸಿಕೊಳ್ಳಲು ಒದ್ದೆ ಬಟ್ಟೆ ಬರುತ್ತದೆ, ನಂತರ ನೀವು ಕೇಳದೆಯೇ ಒಂದು ಪುಟ್ಟ ತಟ್ಟೆಯಲ್ಲಿ ಏನಾದರೊಂದು ತಿನಿಸು ಬರುತ್ತದೆ. ಇದು ಒತೊಶಿ. ಇದು ಉಚಿತವಲ್ಲ, ಆಸನದ ಶುಲ್ಕದಂತೆ ತಲೆಗೆ ಸಾಮಾನ್ಯವಾಗಿ 300ರಿಂದ 500 ಯೆನ್ ಬಿಲ್ಲಿಗೆ ಸೇರುತ್ತದೆ. ಮೊದಲ ಬಾರಿ ಬಿಲ್ಲಿನಲ್ಲಿ ಇದನ್ನು ಕಂಡಾಗ ನನಗೂ ಲೆಕ್ಕ ತಪ್ಪಿದ್ದಾರೆಂದೇ ಅನಿಸಿತ್ತು. ಕುಡಿಯಲು ಏನು ಬೇಕೆಂದು ಮೊದಲು ಕೇಳುವುದೂ ಅಲ್ಲಿನ ವಾಡಿಕೆ. ಬಿಯರ್ ಬೇಡವಾದರೆ ತಣ್ಣನೆಯ ಊಲಾಂಗ್ ಚಹಾ ಕೇಳಿ, ಯಾರೂ ಬೇರೆ ಭಾವಿಸುವುದಿಲ್ಲ. ಮದ್ಯ ಕುಡಿಯಲು ಅಲ್ಲಿ 20 ವರ್ಷ ತುಂಬಿರಬೇಕು.

ಬಟ್ಟಲನ್ನು ಆರಿಸುವುದು, ಉಣ್ಣುವುದು

ಮೂರು ಪದಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿ: ಗ್ಯೂ ಎಂದರೆ ದನದ ಮಾಂಸ, ಬುತಾ ಎಂದರೆ ಹಂದಿ, ತೊರಿ ಎಂದರೆ ಕೋಳಿ. ಅಗ್ಗದ ಅಂಗಡಿಗಳ ಮುಖ್ಯ ತಿನಿಸಾದ ಗ್ಯೂದೊನ್ ದನದ ಮಾಂಸದ್ದು, ಕತ್ಸುದೊನ್ ಸಾಮಾನ್ಯವಾಗಿ ಹಂದಿಯದ್ದು. ಚಿತ್ರದಲ್ಲಿ ಎಲ್ಲವೂ ಒಂದೇ ಕಂದು ಬಣ್ಣದಲ್ಲಿ ಕಾಣುವುದರಿಂದ ಚಿತ್ರವನ್ನಷ್ಟೇ ನಂಬಬಾರದು. ತೆನ್‌ದೊನ್‌ನಲ್ಲಿ ಹಿಟ್ಟಿನಲ್ಲಿ ಅದ್ದಿ ಕರಿದ ಸಿಗಡಿ ಮತ್ತು ತರಕಾರಿ ಇರುತ್ತವೆ. ಅಳತೆಯಲ್ಲಿ ‘ನಾಮಿ’ ಸಾಮಾನ್ಯ, ‘ಒಮೋರಿ’ ದೊಡ್ಡದು.

ಕೋಳಿ ತಿನ್ನುವವರು ಮೊದಲ ಬಾರಿಗೆ ಒಯಕೊದೊನ್ ತೆಗೆದುಕೊಳ್ಳಲಿ ಎಂದು ನಾನು ಹೇಳುತ್ತೇನೆ. ಒಯ ಎಂದರೆ ಹೆತ್ತವರು, ಕೊ ಎಂದರೆ ಮಗು. ಕೋಳಿ ಮತ್ತು ಮೊಟ್ಟೆ ಒಂದೇ ಬಟ್ಟಲಲ್ಲಿ. ಟೋಕಿಯೊದ ನಿಂಗ್ಯೊಚೋದಲ್ಲಿರುವ, 1760ರಲ್ಲಿ ಆರಂಭವಾದ ತಮಹಿದೆ ಎಂಬ ಹೋಟೆಲಿನಲ್ಲಿ 1891ರಲ್ಲಿ ಇದು ಹುಟ್ಟಿತೆಂಬುದು ಪ್ರಸಿದ್ಧವಾದ ಮಾತು. ಕೌಂಟರಿನ ಎದುರೇ ಜಾಗ ಸಿಕ್ಕಿದರೆ ಮಾಡುವುದನ್ನು ನೋಡಬಹುದು. ಹಿಡಿ ನೆಟ್ಟಗೆ ಮೇಲಕ್ಕೆ ನಿಂತಿರುವ, ಅಂಗೈ ಅಗಲದ ಬಾಣಲೆಯಲ್ಲಿ ಸೋಯಾ ಸಾಸ್, ಸಿಹಿಯಾದ ಅಡುಗೆ ಮದ್ಯ ಮಿರಿನ್ ಮತ್ತು ಮೀನಿನ ತಿಳಿಸಾರು ಕುದಿಯುತ್ತಿರುತ್ತವೆ. ಅದರಲ್ಲಿ ಕೋಳಿ ಮತ್ತು ಈರುಳ್ಳಿ ಬೆಂದ ಮೇಲೆ ಕದಡಿದ ಮೊಟ್ಟೆಯನ್ನು ಸುತ್ತಲೂ ಸುರಿದು, ಅಂಚು ಗಟ್ಟಿಯಾಗಿ ನಡುವೆ ಇನ್ನೂ ನಡುಗುತ್ತಿರುವಾಗಲೇ ಇಡೀ ಪದರವನ್ನು ಅನ್ನದ ಮೇಲೆ ಜಾರಿಸುತ್ತಾರೆ. ಮೊಟ್ಟೆ ಅರೆಬೆಂದಂತೆ ಕಾಣುವುದು ತಪ್ಪಲ್ಲ, ಅದೇ ಅದರ ಹದ. ಜಪಾನಿನಲ್ಲಿ ಹಸಿ ಮೊಟ್ಟೆ ತಿನ್ನುವ ರೂಢಿಯಿರುವುದರಿಂದ ಮೊಟ್ಟೆಗಳನ್ನು ಅದಕ್ಕೆ ತಕ್ಕಂತೆಯೇ ಸಿದ್ಧಪಡಿಸಿ ಮಾರುತ್ತಾರೆ. ಆದರೂ ಗರ್ಭಿಣಿಯರು ಇದನ್ನು ಬಿಡುವುದೇ ಒಳ್ಳೆಯದು.

ಈಗ ಉಣ್ಣುವ ಬಗೆ. ಬಟ್ಟಲನ್ನು ಎಡಗೈಯಲ್ಲಿ ಎತ್ತಿ ಹಿಡಿಯುವುದು ಅಲ್ಲಿ ಸಭ್ಯತೆ, ಬಟ್ಟಲಿನ ಕಡೆಗೆ ತಲೆ ಬಗ್ಗಿಸುವುದಲ್ಲ. ಮೇಲಿನ ಪದಾರ್ಥವನ್ನೂ ಅನ್ನವನ್ನೂ ಅಡಿಯವರೆಗೆ ಕಲಸಬೇಡಿ. ನಾವು ಸಾರನ್ನು ಅನ್ನಕ್ಕೆ ಸುರಿದು ಕಲಸಿದರೆ ಪ್ರತಿ ತುತ್ತೂ ಒಂದೇ ರುಚಿಯಾಗಬೇಕೆಂಬುದು ಆಸೆ. ಇಲ್ಲಿ ರಸ ಮೇಲಿನಿಂದ ತಾನೇ ಇಳಿಯುತ್ತದೆ. ಮೇಲೆ ಒದ್ದೆಯಾದ ಅನ್ನ, ಕೆಳಗೆ ಬಿಳಿಯ ಅನ್ನ, ಎರಡರ ನಡುವಿನ ಅನ್ನ, ಹೀಗೆ ತುತ್ತಿನಿಂದ ತುತ್ತಿಗೆ ರುಚಿ ಬದಲಾಗಲೆಂದೇ ಅದನ್ನು ಹಾಗೆ ಜೋಡಿಸಿರುತ್ತಾರೆ. ಒಂದು ಬದಿಯಿಂದ ಆರಂಭಿಸಿ, ಮೇಲಿನದನ್ನು ಸ್ವಲ್ಪ, ಕೆಳಗಿನ ಅನ್ನವನ್ನು ಸ್ವಲ್ಪ ಒಟ್ಟಿಗೆ ಎತ್ತಿಕೊಳ್ಳಿ. ಅಕ್ಕಿ ಗುಂಡಗೆ, ಅನ್ನ ಅಂಟಂಟಾಗಿ ಇರುವುದರಿಂದ ಊಟದ ಜೋಡಿ ಕಡ್ಡಿಗೆ (ಚಾಪ್‌ಸ್ಟಿಕ್) ಉಂಡೆಯಾಗಿಯೇ ಬರುತ್ತದೆ. ಆಗದಿದ್ದರೆ ಚಮಚ ಕೇಳಿ. ಗ್ಯೂದೊನ್ ಅಂಗಡಿಯ ಮೇಜಿನ ಮೇಲೆ ಕೆಂಪು ಶುಂಠಿ ಉಪ್ಪಿನಕಾಯಿ ಮತ್ತು ಏಳು ಬಗೆ ಬೆರೆಸಿದ ಶಿಚಿಮಿ ಎಂಬ ಖಾರದ ಪುಡಿ ಇರುತ್ತವೆ. ಎಷ್ಟು ಬೇಕಾದರೂ ಹಾಕಿಕೊಳ್ಳಬಹುದು, ನಮ್ಮ ನಾಲಿಗೆಗೆ ಅವು ದೊಡ್ಡ ಆಸರೆ.

ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು, ಸತ್ತವರಿಗೆ ಎಡೆ ಇಡುವ ಕ್ರಮ ಅದು. ನಿಮ್ಮ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸನ್ನು ದಾಟಿಸಲೂಬಾರದು. ದಹನದ ನಂತರ ಅಸ್ಥಿಯನ್ನು ಎತ್ತುವುದು ಹಾಗೆ. ತಿಥಿ, ಎಡೆಗಳ ಮರ್ಯಾದೆ ತಿಳಿದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಯಾಕಿತೋರಿ: ಎರಡೆರಡಾಗಿ ಕೇಳಿ

ಒಲೆಯಲ್ಲಿ ಇರುವುದು ಒಳ್ಳೆಯ ಅಂಗಡಿಯಾದರೆ ಬಿಂಚೋತಾನ್ ಎಂಬ ಇದ್ದಿಲು. ವಾಕಾಯಾಮಾ ಪ್ರಾಂತ್ಯದ ಓಕ್ ಜಾತಿಯ ಮರದಿಂದ ತಯಾರಾಗುವ ಇದನ್ನು ಒಂದಕ್ಕೊಂದು ತಟ್ಟಿದರೆ ಲೋಹದ ಹಾಗೆ ಟಣ್ ಎನ್ನುತ್ತದೆ. ಹೊಗೆಯಿಲ್ಲದೆ, ಜ್ವಾಲೆಯಿಲ್ಲದೆ ಬಹಳ ಹೊತ್ತು ಒಂದೇ ಸಮನೆ ಕಾಯುತ್ತದೆ. ಕಾಣುವ ಹೊಗೆ ಕೋಳಿಯ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕುವುದರಿಂದ ಏಳುವಂಥದ್ದು, ಸುಟ್ಟ ಪರಿಮಳ ಮಾಂಸಕ್ಕೆ ಹತ್ತುವುದೂ ಅದರಿಂದಲೇ.

ಹೇಳುವಾಗ ‘ಸುಮಿಮಾಸೆನ್’ ಎಂದು ಕರೆದು, ಭಾಗದ ಹೆಸರು, ಸಂಖ್ಯೆ, ಜೊತೆಗೆ ಶಿಯೊ ಅಥವಾ ತಾರೆ ಎಂದು ಹೇಳಬೇಕು. ಶಿಯೊ ಎಂದರೆ ಬರೀ ಉಪ್ಪು, ತಾರೆ ಎಂದರೆ ಸೋಯಾ ಸಾಸಿನ ಸಿಹಿ ಲೇಪ. ಮೊಮೊ ತೊಡೆಯ ಮಾಂಸ, ನೆಗಿಮಾ ಅದೇ ಮಾಂಸದ ನಡುನಡುವೆ ಈರುಳ್ಳಿ ಜಾತಿಯ ದಪ್ಪ ದಂಟು, ತ್ಸುಕುನೆ ಕೊಚ್ಚಿದ ಮಾಂಸದ ಉಂಡೆ, ಕವಾ ಚರ್ಮ, ರೆಬಾ ಲಿವರ್. ಹತ್ತು ಬಗೆಯನ್ನು ಒಮ್ಮೆಲೇ ಹೇಳಿಬಿಟ್ಟರೆ ಅರ್ಧ ತಣ್ಣಗಾಗುತ್ತವೆ. ಎರಡು ಮೂರು ತಿಂದು ಮತ್ತೆ ಹೇಳಿ. ಉಪ್ಪಿನವನ್ನು ಮೊದಲು, ತಾರೆಯವನ್ನು ನಂತರ ತಿಂದರೆ ನಾಲಿಗೆ ಮಂದವಾಗುವುದಿಲ್ಲ.

ಬಂದ ತಕ್ಷಣ ಕಡ್ಡಿಯಿಂದಲೇ ನೇರವಾಗಿ ಕಚ್ಚಿ ತಿನ್ನಿ. ಎಲ್ಲರೂ ಹಂಚಿಕೊಳ್ಳಲೆಂದು ತುಂಡುಗಳನ್ನು ತಟ್ಟೆಗೆ ಉದುರಿಸಿದರೆ ರಸ ಸೋರಿ, ಬಿಸಿ ಆರಿ, ತುದಿಯಿಂದ ಬುಡದವರೆಗೆ ಯೋಚಿಸಿ ಚುಚ್ಚಿದ ಬಾಣಸಿಗರ ಶ್ರಮ ಹಾಳಾಗುತ್ತದೆ. ಖಾಲಿ ಕಡ್ಡಿಗಳಿಗೆಂದು ಮೇಜಿನ ಮೇಲೆ ಒಂದು ಬಿದಿರಿನ ಕೊಳವೆಯೋ ಲೋಟವೋ ಇರುತ್ತದೆ. ಕೆಲವು ಕಡೆ ಒಳಗೆ ಹಸಿಯಾಗಿಯೇ ಉಳಿದ ಕೋಳಿಯನ್ನು ವಿಶೇಷವೆಂದು ಕೊಡುವುದುಂಟು. ಅದನ್ನು ತಿನ್ನಬೇಡಿ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾದ ಬಗ್ಗೆ ಅಲ್ಲಿನ ಸರ್ಕಾರವೇ ಎಚ್ಚರಿಸಿದೆ. ಅನ್ನ ಬೇಕಾದರೆ ಕಡ್ಡಿಗಳೆಲ್ಲ ಮುಗಿದ ಮೇಲೆ, ಕೊನೆಗೆ ಕೇಳುವುದು ವಾಡಿಕೆ.

ಸಸ್ಯಾಹಾರಿಗಳು ಏನು ಮಾಡಬೇಕು

ಮೊದಲೇ ಹೇಳಿಬಿಡುತ್ತೇನೆ, ಕಟ್ಟುನಿಟ್ಟಾದ ಸಸ್ಯಾಹಾರಿಗೆ ಇದು ಕಷ್ಟದ ಜಾಗ. ದೊಂಬುರಿಯ ರಸ, ಹುದುಗಿಸಿದ ಸೋಯಾದ ಮಿಸೊ ಸಾರು ಎಲ್ಲದರ ತಳಹದಿ ದಾಶಿ ಎಂಬ ತಿಳಿ. ಅದನ್ನು ಸಾಮಾನ್ಯವಾಗಿ ಒಣ ಮೀನಿನಿಂದ ತೆಗೆಯುತ್ತಾರೆ. ಯಾಕಿತೋರಿ ಅಂಗಡಿಯಲ್ಲಿ ಅಣಬೆ, ಶಿಶಿತೊ ಎಂಬ ಸಣ್ಣ ಹಸಿರು ಮೆಣಸಿನಕಾಯಿ, ಗಿಂಕೊ ಎಂಬ ಮರದ ಬೀಜದ ಕಡ್ಡಿಗಳು ಸಿಗುತ್ತವೆ. ಇವನ್ನು ಶಿಯೊದಲ್ಲಿಯೇ ಕೇಳಿ, ಏಕೆಂದರೆ ತಾರೆಯ ಮಡಕೆಯಲ್ಲಿ ದಿನವೂ ಕೋಳಿಯ ಕಡ್ಡಿಗಳನ್ನು ಅದ್ದಿ ತೆಗೆಯುತ್ತಾರೆ, ಮಡಕೆಯನ್ನು ಬರಿದು ಮಾಡದೆ ಹೊಸ ಸಾಸನ್ನು ಮೇಲಿಂದ ತುಂಬುತ್ತಾ ಹೋಗುತ್ತಾರೆ. ತರಕಾರಿಯ ಸುತ್ತ ಹಂದಿ ಮಾಂಸದ ತೆಳು ಪಟ್ಟಿ ಸುತ್ತಿದ ಕಡ್ಡಿಗಳೂ ಇರುತ್ತವೆ, ನೋಡಿ ತೆಗೆದುಕೊಳ್ಳಿ. ಒಲೆಯಂತೂ ಒಂದೇ, ಅದು ಒಪ್ಪದವರು ಬೇಯಿಸಿದ ಸೋಯಾ ಕಾಯಿ, ಬಿಳಿ ಅನ್ನ, ಮತ್ತು ಮೇಲೆ ಮೀನಿನ ಚೂರು ಉದುರಿಸಬೇಡಿ ಎಂದು ಹೇಳಿ ತಣ್ಣನೆಯ ತೋಫು ಕೇಳಬಹುದು. ‘ನಿಕು ತೊ ಸಕನಾ ವಾ ತಬೆಮಾಸೆನ್’, ಅಂದರೆ ಮಾಂಸ ಮತ್ತು ಮೀನು ತಿನ್ನುವುದಿಲ್ಲ, ಎಂಬ ವಾಕ್ಯವನ್ನು ಜಪಾನಿ ಲಿಪಿಯಲ್ಲಿ ಬರೆಸಿ ಜೇಬಿನಲ್ಲಿಟ್ಟುಕೊಳ್ಳಿ.

ಹಣ ಕೊಟ್ಟು ಹೊರಡುವುದು

‘ಒಕಾಯ್ಕೇ ಒನೆಗಾಯ್‌ಶಿಮಾಸ್’ ಎಂದರೆ ಬಿಲ್ಲು ಬರುತ್ತದೆ. ನೋಟನ್ನು ಕೈಗೆ ಕೊಡದೆ ಗಲ್ಲೆಯ ಬಳಿಯ ಪುಟ್ಟ ತಟ್ಟೆಯಲ್ಲಿಡಿ. ಟಿಪ್ಸ್ ಕೊಡುವ ಪದ್ಧತಿಯಿಲ್ಲ. ಚಿಲ್ಲರೆ ಬಿಟ್ಟುಹೋದರೆ ಮರೆತಿರೆಂದು ಹಿಂದೆಯೇ ಓಡಿ ಬಂದು ಕೊಡುತ್ತಾರೆ. ಪರದೆ ಸರಿಸಿ ಹೊರಬರುವ ಮುನ್ನ ಒಲೆಯ ಮುಂದೆ ನಿಂತವರಿಗೂ ಕೇಳುವಂತೆ ‘ಗೊಚಿಸೋಸಮಾ ದೆಶಿತಾ’, ಊಟ ಚೆನ್ನಾಗಿ ಆಯಿತು, ಎಂದು ಹೇಳಿ.